ಹೊಗೆ ಕುಡಿದ ಪೆಟ್ಟಿಗೆ

ಆಕಾಶದಿಂದ ಬೀಳುವುದರಲ್ಲಿ ಮಳೆಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಪೀಡೆಯೇ ಎಂದು ಮಾಯಸಂದ್ರದ ಸುತ್ತಿನ ಜನ ನಂಬಿದ್ದರು. ನಂಬಿದ್ದರಲ್ಲಿ ತಪ್ಪೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಅಮೆರಿಕದವರು ಆಕಾಶದಲ್ಲಿ ಕಟ್ಟಿದ್ದ ಮನೆ ತಲೆಯ ಮೇಲೆ ಬೀಳುತ್ತದೆಂದು ರೇಡಿಯೋ ಹೆದರಿಸಿದ್ದಕ್ಕೆ, ಸಾಯುವ ಮುಂಚೆ ಬಾಯಿರುಚಿಯಾದರೂ ತೀರಲಿ ಎಂದು ಊರಿಗೆ ಊರೇ ಕೋಳಿ ಕುಯ್ದು ತಿಂದಿತ್ತು. ಮನೆ ಬೇರೆಲ್ಲೋ ಬಿತ್ತು. ಕೋಳಿ ಮಾತ್ರ ಹೋಗಿದ್ದು ಹೋಯಿತು.

ಹೀಗಿರುವಾಗ ಎಂಬತ್ತೈದನೇ ಇಸವಿಯ ಆಷಾಢದಲ್ಲಿ, ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಬೆಳಗ್ಗೆ, ತಿಮ್ಮಯ್ಯನ ತೋಟದ ತೆಂಗಿನಮರದ ಸುಳಿಯಲ್ಲಿ ಒಂದು ಬಿಳಿ ಪೆಟ್ಟಿಗೆ ಬಂದು ಕೂತಿತ್ತು. ಅದಕ್ಕೆ ಕಟ್ಟಿದ್ದ ಕೊಡೆಯಂಥ ಕೆಂಪು ಬಟ್ಟೆ ಗರಿಗಳ ಮೇಲೆ ಒದ್ದೆಯಾಗಿ ಜೋತುಬಿದ್ದಿತ್ತು. ಮರ ಹತ್ತಿ ಕಾಯಿ ಕೀಳುವ ಕಾಡಸಿದ್ದಪ್ಪ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ, ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ನಾನು ಹತ್ತಾಕಿಲ್ಲ ಕಣಪ್ಪ. ಬಾಂಬಾಗಿದ್ರೆ?”

“ಬಾಂಬಾಗಿದ್ರೆ ಬಿದ್ದೇಟ್ಗೇ ಸಿಡೀತಿತ್ತು ಕಣ್ಲಾ,” ಎಂದ ತಿಮ್ಮಯ್ಯ. “ನೀನು ಬರೋಗಂಟ ಕಾಯ್ಕೊಂಡು ಕೂತಿರಾಕೆ ಅದೇನು ನಿನ್ನ ಬೀಗನಾ?”

“ನಾನು ಸತ್ರೆ ನನ್ನ ಹೆಂಡ್ತಿಗೆ ಯಾರು ಗತಿ?”

“ಮೊದ್ಲು ಹತ್ಲಾ. ನೀನು ಸತ್ರೆ ಅವಳು ನಾಕು ದಿನ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ.”

ಬೈದುಕೊಂಡೇ ಹತ್ತಿದ ಕಾಡಸಿದ್ದಪ್ಪ ಹಗ್ಗ ಕಟ್ಟಿ ಪೆಟ್ಟಿಗೆಯನ್ನು ಹೂವಿನಂತೆ ಇಳಿಸಿದ. ಅದು ಹೆಚ್ಚೆಂದರೆ ಒಂದು ಹಸುಳೆಯಷ್ಟು ತೂಕವಿತ್ತು. ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಇದು ಸರ್ಕಾರದ ವಿಜ್ಞಾನ ಸಾಮಗ್ರಿ. ತೆರೆಯಬೇಡಿ. ತೇವ ತಾಗದಂತೆ ಭದ್ರವಾಗಿಡಿ. ಪೊಲೀಸ್ ಠಾಣೆಗೆ ತಿಳಿಸಿ.

ಬೇರೆ ಯಾರ ತೋಟದಲ್ಲಿ ಬಿದ್ದಿದ್ದರೂ ಆ ಪೆಟ್ಟಿಗೆ ರಾಗಿ ತುಂಬಿಡುವ ಹಗೇವಿನ ಪಕ್ಕವೋ ಮಂಚದ ಕೆಳಗೋ ಬಿದ್ದಿರುತ್ತಿತ್ತು. ಬಿದ್ದಿದ್ದರೆ ಚೆನ್ನಾಗಿತ್ತು. ಆದರೆ ಅದು ಬಿದ್ದಿದ್ದು ತಿಮ್ಮಯ್ಯನ ತೋಟದಲ್ಲಿ. ತಿಮ್ಮಯ್ಯ ಎಂದರೆ ಅಟ್ಟ, ಅಟ್ಟ ಎಂದರೆ ತಿಮ್ಮಯ್ಯ. ಉಂಡೆ ಕೊಬ್ಬರಿ ಮಾಡುವುದು ಹುಡುಗಾಟವಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷ ಪೂರ್ತಿ ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಮಳೆಗಾಲದಲ್ಲಿ ತೇವ ಹೊಕ್ಕರೆ ಕೊಳೆಯುತ್ತದೆ. ಅದಕ್ಕೇ ಅಟ್ಟದ ಕೆಳಗೆ ತೆಂಗಿನ ಮಟ್ಟೆಯ ಬೆಂಕಿ ಹಾಕಿ, ಉರಿಯಲು ಬಿಡದೆ, ಹಗಲೂ ಇರುಳೂ ಹೊಗೆಯಾಡಿಸುವುದು. ತಿಮ್ಮಯ್ಯನ ಅಟ್ಟದಿಂದ ಇಳಿದ ಕೊಬ್ಬರಿ ಕೆಟ್ಟಿದೆ ಎಂದು ತಿಪಟೂರಿನ ಮಂಡಿಯಲ್ಲಿ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಆ ಹೆಮ್ಮೆ ಅವನಿಗೆ ಮೀಸೆಯ ಹಾಗೆ, ಮುಖದ ಮೇಲೇ ಇತ್ತು.

“ತೇವ ತಾಗಬಾರದಂತೆ. ಅಟ್ಟಕ್ಕೆ ಏರಿಸ್ತೀನಿ,” ಎಂದು ಹೆಂಡತಿ ಲಕ್ಷ್ಮಿದೇವಮ್ಮನಿಗೆ ಹೇಳಿದ.

“ಯಾರದೋ ಏನೋ. ನಡುಮನೇಲಿ ಇಟ್ರೆ ಆಗಾಕಿಲ್ವಾ?”

“ನಡುಮನೆ ಗೋಡೆ ನೋಡೇ, ಕಣ್ಣೀರು ಹಾಕ್ತಾ ಐತೆ. ಇನ್ನೊಬ್ಬರ ವಸ್ತು ಕಣೇ. ಅವರು ಬಂದಾಗ ಹೆಂಗಿತ್ತೋ ಹಂಗೇ ಕೈಗಿಡಬೇಕು.”

ಅಟ್ಟದ ನಟ್ಟನಡುವೆ, ಹೊಗೆ ಚೆನ್ನಾಗಿ ಏಳುವ ಜಾಗದಲ್ಲಿ, ಕಾಯಿಗಳನ್ನು ಸರಿಸಿ ಪೆಟ್ಟಿಗೆಯನ್ನು ಕೂರಿಸಿದ. ಮಳೆ ಜೋರಾದ ದಿನಗಳಲ್ಲಿ ಕೊಬ್ಬರಿಗೆ ಹಾಕುವುದಕ್ಕಿಂತ ಎರಡು ಮಟ್ಟೆ ಹೆಚ್ಚಿಗೆ ಹಾಕಿದ. ಮರುದಿನವೇ ತುರುವೇಕೆರೆಗೆ ಹೋಗಿ ಠಾಣೆಯಲ್ಲಿ ಹೇಳಿಯೂ ಬಂದ. ಅಲ್ಲಿದ್ದ ಪೇದೆ ಅದನ್ನು ಮಳೆ ಅಳೆಯುವವರದ್ದೆಂದು ತಿಳಿದು ಯಾವುದೋ ಇಲಾಖೆಗೆ ಸುದ್ದಿ ಕಳಿಸಿದ. ಆ ಇಲಾಖೆ ತನ್ನದಲ್ಲವೆಂದು ಸುಮ್ಮನಾಯಿತು. ಸುದ್ದಿ ಸುತ್ತಿ ಸುತ್ತಿ ಸರಿಯಾದವರ ಕಿವಿಗೆ ಬೀಳುವಷ್ಟರಲ್ಲಿ ಶ್ರಾವಣ ಮುಗಿಯುತ್ತಾ ಬಂದಿತ್ತು.

ಬೆಂಗಳೂರಿನಿಂದ ಜೀಪು ಬಂತು. ಇಳಿದವನು ಮಲ್ಲಿಕಾರ್ಜುನಯ್ಯ ಎಂಬ ಇಂಜಿನಿಯರು. ಬಳ್ಳಾರಿ ಕಡೆಯವನು, ನಲವತ್ತರ ಆಸುಪಾಸು, ಗಡ್ಡ ಬಿಟ್ಟಿದ್ದ. ಶೋಕಿಯ ಗಡ್ಡವಲ್ಲ, ಬೋಳಿಸಿಕೊಳ್ಳಲು ಪುರುಸೊತ್ತಿಲ್ಲದವನ ಗಡ್ಡ.

“ಯಜಮಾನ್ರೇ, ಪೆಟ್ಟಿಗೆ ಬಿಚ್ಚಿದೀರಾ?” ನಮಸ್ಕಾರಕ್ಕಿಂತ ಮುಂಚೆ ಇದನ್ನೇ ಕೇಳಿದ.

“ದೇವರಾಣೆ ಮುಟ್ಟಿಲ್ಲ ಸಾಮಿ.”

“ನೀರು?”

“ಒಂದು ತೊಟ್ಟು ಸೋಕಿಲ್ಲ.”

ಅಷ್ಟು ಕೇಳಿದ್ದೇ ಆ ಮನುಷ್ಯ ಜಗಲಿಯ ಮೇಲೆ ಕುಸಿದು ಕೂತು, ತಿಮ್ಮಯ್ಯನ ಎರಡೂ ಕೈ ಹಿಡಿದುಕೊಂಡ. ಹಿಡಿದು ಬಿಡಲೇ ಇಲ್ಲ. ಲಕ್ಷ್ಮಿದೇವಮ್ಮ ಎಳನೀರು ತಂದುಕೊಟ್ಟ ಮೇಲೆ ಮಾತು ಹೊರಟಿತು. ತನ್ನ ಕೆಲಸದ ಬಗ್ಗೆ ಕೇಳುವವರೇ ಸಿಕ್ಕಿರಲಿಲ್ಲವೋ ಏನೋ, ಕಟ್ಟೆಯೊಡೆದ ಹಾಗೆ ಹೇಳಿದ.

“ನಮ್ಮ ದೇಶದ ಹಳೇ ರಾಕೆಟ್ಟು ನಲವತ್ತು ಕೇಜಿ ಹೊರೋದಕ್ಕೇ ಏದುಸಿರು ಬಿಡ್ತಿತ್ತು. ಈಗ ಅದರ ಎರಡೂ ಪಕ್ಕಕ್ಕೆ ಒಂದೊಂದು ರಾಕೆಟ್ ಕಟ್ಟಿ ಹೊಸದು ಮಾಡ್ತಿದಾರೆ. ಅದು ನೂರೈವತ್ತು ಕೇಜಿ ಹೊರುತ್ತೆ.”

“ಒಂದೂವರೆ ಕ್ವಿಂಟಾಲ್,” ಎಂದ ತಿಮ್ಮಯ್ಯ. “ನಮ್ಮ ಎತ್ತು ಅಷ್ಟನ್ನ ತೂಕಡಿಸಿಕೊಂಡೇ ಎಳೀತವೆ.”

“ಎತ್ತು ತಿಪಟೂರಿಗೆ ಎಳೆಯುತ್ತೆ ಯಜಮಾನ್ರೇ. ಇದು ನಾನೂರು ಕಿಲೋಮೀಟರ್ ನೆಟ್ಟಗೆ ಮೇಲಕ್ಕೆ ಎಳೀಬೇಕು. ಅದಕ್ಕೇ ಅಲ್ಲಿ ಒಂದೊಂದು ಗ್ರಾಮಿಗೂ ಹೊಡೆದಾಟ. ಅದು ಹೊತ್ತುಕೊಂಡು ಹೋಗೋ ಪುಟ್ಟ ಉಪಗ್ರಹಕ್ಕೆ ಒಂದು ಕಣ್ಣು ಬೇಕು. ಮೇಲೆ ಹೋದ ಮೇಲೆ ಅದಕ್ಕೆ ನೆಲ ಯಾವ ಕಡೆ, ಆಕಾಶ ಯಾವ ಕಡೆ ಗೊತ್ತಾಗಲ್ಲ.”

“ನಮ್ಮ ಕಾಡಸಿದ್ದಪ್ಪ ಸಂತೆ ಮುಗಿಸ್ಕೊಂಡು ಬತ್ತಾನಲ್ಲ, ಹಂಗೆ.”

ಇಂಜಿನಿಯರು ನಕ್ಕ. ಆ ಮನೆಯಲ್ಲಿ ಅವನು ನಕ್ಕಿದ್ದು ಅದೊಂದೇ ಸಲ. “ಹಾಗೇ. ನಾನು ಮಾಡಿರೋ ಕಣ್ಣು ಭೂಮಿಯ ಅಂಚು ನೋಡಿ ನೆಲ ಇದು ಅಂತ ಹೇಳುತ್ತೆ. ಎಂಟು ವರ್ಷ ಅದೊಂದನ್ನೇ ಮಾಡಿದೀನಿ. ಇನ್ನೊಂದು ತಂಡದವರೂ ಒಂದು ಮಾಡಿದಾರೆ. ಜಾಗ ಇರೋದು ಒಂದಕ್ಕೆ. ಕೆಲಸ ಮಾಡುತ್ತೆ ಅಂತ ತೋರಿಸು ಅಂದ್ರು. ಈ ಪೆಟ್ಟಿಗೇಲಿಟ್ಟು ದೊಡ್ಡ ಬಲೂನಿಗೆ ಕಟ್ಟಿ ಹಾರಿಸಿದೆ. ಗಾಳಿ ಈ ಕಡೆ ತಂತು, ಅದು ಕಂಡಿದ್ದನ್ನ ನಮಗೆ ಕಳಿಸ್ತಿದ್ದ ರೇಡಿಯೋ ನಡುವೆಯೇ ಸತ್ತೋಯ್ತು. ಇನ್ನುಳಿದಿರೋ ಸಾಕ್ಷಿ ಅಂದ್ರೆ ಪೆಟ್ಟಿಗೆಯೊಳಗಿನ ಫಿಲ್ಮ್ ಒಂದೇ. ಸೋಮವಾರ ತೀರ್ಮಾನ. ನೀವು ನನ್ನ ಮಾನ ಉಳಿಸಿದ್ರಿ. ಎಲ್ಲಿದೆ ಅದು?”

ತಿಮ್ಮಯ್ಯನ ಎದೆ ಉಬ್ಬಿತು. “ಬನ್ನಿ ಸಾಮಿ, ನೀವೇ ಬಂದು ನೋಡಿ. ನಮ್ಮ ಅಟ್ಟ ಅಂದ್ರೆ ಸುಮ್ನೆ ಅಲ್ಲ.”

ಏಣಿ ಹತ್ತಿದ ಇಂಜಿನಿಯರಿನ ತಲೆ ಅಟ್ಟದ ಬಾಯಿಗೆ ಬಂತು. ಅಲ್ಲೇ ನಿಂತಿತು. ಬಿಸಿಗಾಳಿ ಅವನ ಮುಖಕ್ಕೆ ಬಡಿದದ್ದು ಕೆಳಗೆ ಏಣಿ ಹಿಡಿದಿದ್ದ ತಿಮ್ಮಯ್ಯನಿಗೂ ತಿಳಿಯಿತು. ಬಿಳಿಯಾಗಿದ್ದ ಪೆಟ್ಟಿಗೆ ಹೊಗೆ ಕುಡಿದು ಹಳೇ ಜೇನಿನ ಬಣ್ಣಕ್ಕೆ ತಿರುಗಿತ್ತು. ಇಂಜಿನಿಯರು ಕೈಚಾಚಿ ಅದರ ಬೆನ್ನ ಮೇಲೆ ಅಂಗೈ ಇಟ್ಟ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಇಟ್ಟು, ತೆಗೆಯದೆ ನಿಂತ.

“ಬೆಂಕಿ ಯಾವಾಗಿಂದ ಇದೆ?”

“ಪೆಟ್ಟಿಗೆ ಏರಿಸಿದಾಗಿಂದ ಒಂದು ದಿನಾನೂ ಆರಿಸಿಲ್ಲ ಸಾಮಿ. ಇದಕ್ಕೋಸ್ಕರ ಜಾಸ್ತೀನೇ ಹಾಕಿವ್ನಿ.”

ಇಂಜಿನಿಯರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿದ. ಅವನ ಮುಖ ನೋಡಿದ್ದೇ ತಿಮ್ಮಯ್ಯ ಏಣಿ ಬಿಟ್ಟು ಹೋಗಿ ಬೆಂಕಿಯಿಂದ ಎರಡು ಮಟ್ಟೆ ಹೊರಕ್ಕೆಳೆದ. ಲಕ್ಷ್ಮಿದೇವಮ್ಮ ಮುದ್ದೆ, ಹುರುಳಿಕಾಳು ಸಾರು ಬಡಿಸಿ, “ಚೆನ್ನಾಗಿ ಇಟ್ಟಿದ್ರಾ ಇವರು?” ಎಂದು ಕೇಳಿದಳು. “ತುಂಬಾ ಚೆನ್ನಾಗಿ ಇಟ್ಟಿದ್ದಾರೆ ತಾಯಿ,” ಎಂದ ಆ ಮನುಷ್ಯ, ಮುದ್ದೆ ಮುರಿದು ಸಾರಿಗೆ ಅದ್ದುತ್ತಾ. ಒಂದು ತುತ್ತೂ ಬಾಯಿಗೆ ಹೋಗಲಿಲ್ಲ.

ಜೀಪಿನ ಹತ್ತಿರ ತಿಮ್ಮಯ್ಯ ತಡೆಯಲಾರದೆ ಕೇಳಿದ. “ಸಾಮಿ, ಕಾವು ತಾಗಿದ್ರೆ ಏನಾರ ಆಯ್ತದಾ?”

“ನೋಡೋಣ.” ಪೆಟ್ಟಿಗೆಯನ್ನು ಸೀಟಿನ ಮೇಲೆ ಕೂರಿಸಿ ಅವನೇ ಮುಂದುವರಿಸಿದ: “ತೇವ ತಾಗಬಾರದು ಅಂತ ಬರೆದವನು ನಾನೇ. ಬಿಸಿ ತಾಗಬಾರದು ಅಂತ ಬರೀಲಿಲ್ಲ. ಮರದ ಮೇಲೋ ಹೊಲದಲ್ಲೋ ಬಿದ್ದಿದ್ದಕ್ಕೆ ಬೆಂಕಿ ಯಾಕೆ ತಾಗುತ್ತೆ ಅಂದ್ಕೊಂಡೆ.”

ಸೋಮವಾರ ಹೋಯಿತು. ಇನ್ನೊಂದು ಸೋಮವಾರವೂ ಹೋಯಿತು. ಕಾಗದವಿಲ್ಲ, ಸುದ್ದಿಯಿಲ್ಲ. ತಿಮ್ಮಯ್ಯನಿಗೆ ಊಟ ರುಚಿಸದಾಯಿತು. “ಅವರೇ ಚೆನ್ನಾಗಿಟ್ಟಿದ್ದೀರಿ ಅಂದ್ರಲ್ಲ, ಬುಡಿ ಅತ್ಲಾಗೆ,” ಎಂದು ಹೆಂಡತಿ ಹೇಳಿದರೆ ಸಿಡುಕಿದ. “ಆ ಮಾತು ಹೇಳ್ದಾಗ ಅವರ ಮುಖ ನೋಡಿದ್ಯೇನೇ ನೀನು?” ಕಡೆಗೆ ಬೆಳಗಿನ ಬಸ್ಸು ಹತ್ತಿದ. ಬೆಂಗಳೂರಿನಲ್ಲಿ ಕೇಳಿಕೊಂಡು ಕೇಳಿಕೊಂಡು ಕಚೇರಿಯ ಗೇಟು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಕಾವಲಿನವನು ಇವನ ಪಂಚೆ ನೋಡಿ, ಟವಲ್ಲು ನೋಡಿ, ಒಳಗೆ ಬಿಡಲಿಲ್ಲ. ಮಲ್ಲಿಕಾರ್ಜುನಯ್ಯನೇ ಹೊರಗೆ ಬಂದ. ಗಡ್ಡ ಬೋಳಿಸಿದ್ದ. ಬೋಳಿಸಿದ್ದರಿಂದ ಇನ್ನೂ ಮುದುಕನ ಹಾಗೆ ಕಂಡ.

“ಅಷ್ಟು ದೂರದಿಂದ ಬಂದಿರಾ? ಕಾಫಿ ಕುಡೀತೀರಾ?”

“ಕಾಫಿ ಬ್ಯಾಡ. ಏನಾಯ್ತು ಹೇಳಿ.”

ಇಂಜಿನಿಯರು ರಸ್ತೆಯ ಕಡೆ ನೋಡಿದ. “ಫಿಲ್ಮ್ ಪೂರ್ತಿ ಕಪ್ಪು. ತುದಿಯಿಂದ ತುದಿಗೆ. ಬಿಸಿಗೆ ಹಾಳಾಗಿದೆ.”

“ಇನ್ನೊಂದು ಬಲೂನು ಬುಡಿ. ಅದಕ್ಕೇನಂತೆ?”

“ಆ ಕಣ್ಣೂ ಬಿಸಿಗೆ ಕೆಟ್ಟಿದೆ. ಇನ್ನೊಂದು ಕಣ್ಣಿಲ್ಲ, ಟೈಮೂ ಇಲ್ಲ. ಆ ತಂಡದವರದ್ದನ್ನೇ ಆರಿಸಿಯಾಯ್ತು. ನನ್ನನ್ನ ಬೇರೆ ವಿಭಾಗಕ್ಕೆ ಹಾಕಿದಾರೆ. ತಂತಿ, ಬೋಲ್ಟು ಎಲ್ಲ ಪರೀಕ್ಷೆ ಮಾಡೋ ಕಡೆ.”

“ನಿಮ್ಮದು ಕೆಲಸ ಮಾಡಿತ್ತಾ ಇಲ್ವಾ?”

“ಅದೇ ಗೊತ್ತಿಲ್ಲವಲ್ಲ ಯಜಮಾನ್ರೇ.” ಗಡ್ಡ ಇನ್ನೂ ಇದೆಯೆಂಬಂತೆ ಬೋಳು ಗಲ್ಲ ಸವರಿಕೊಂಡ. “ಮಾಡಿಲ್ಲ ಅಂತ ಗೊತ್ತಾಗಿದ್ದಿದ್ರೂ ನಿದ್ದೆ ಬರ್ತಿತ್ತು.”

ತಿಮ್ಮಯ್ಯ ಟವಲ್ಲು ತೆಗೆದು ಕಂಕುಳಿಗೆ ಸಿಕ್ಕಿಸಿ ನಿಂತ. “ಬಯ್ರಿ ಸಾಮಿ. ಬಾಯಿಗೆ ಬಂದಂಗೆ ಬಯ್ರಿ. ಎರಡು ಏಟು ಹಾಕಿದ್ರೂ ಸರಿ.”

“ಯಾಕೆ ಬಯ್ಲಿ? ನಿಮ್ಮ ಮನೇಲಿ ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲವಲ್ಲ.”

ಬೈದಿದ್ದರೆ ಬಸ್ಸಿನಲ್ಲಿ ಬರುವಾಗ ತಿರುಗಿ ಬೈಯಲು ತಿಮ್ಮಯ್ಯನಿಗೂ ಏನಾದರೂ ಸಿಗುತ್ತಿತ್ತು. ಏನೂ ಸಿಗಲಿಲ್ಲ. ಕುಣಿಗಲ್ ದಾಟುವವರೆಗೆ ಪಕ್ಕದವನು ಕಡಲೆಕಾಯಿ ಸಿಪ್ಪೆ ಇವನ ತೊಡೆಯ ಮೇಲೆ ಉದುರಿಸುತ್ತಿದ್ದ. ಇವನು ಒರೆಸಿಕೊಳ್ಳಲೂ ಇಲ್ಲ.

ಎಂಬತ್ತೇಳರ ಮಾರ್ಚಿನಲ್ಲಿ ಹೊಸ ರಾಕೆಟ್ಟು ಹಾರಿತು. ಹಾರಿದ್ದೇ ಬಂತು, ಸಮುದ್ರಕ್ಕೆ ಬಿತ್ತು. ಉಪಗ್ರಹವೂ ಹೋಯಿತು, ಅದರ ಕಣ್ಣೂ ಹೋಯಿತು. ಮಾಯಸಂದ್ರದ ಹೋಟೆಲಿನಲ್ಲಿ ರೇಡಿಯೋ ಕೇಳಿದ ಕಾಡಸಿದ್ದಪ್ಪ ತೋಟಕ್ಕೆ ಓಡಿಬಂದ. ಖುಷಿಗೆ ಅವನ ಬಾಯಿ ಕಿವಿ ಮುಟ್ಟಿತ್ತು.

“ತಿಮ್ಮಯ್ಯಣ್ಣೋ! ನಿನ್ನ ಅಟ್ಟ ಆ ಇಂಜಿನಿಯರನ್ನ ಉಳಿಸ್ತು ಕಣಣ್ಣೋ! ಅವನ ಪೆಟ್ಟಿಗೆ ಹೋಗಿದ್ರೆ ಈಗ ಮೀನಿನ ಹೊಟ್ಟೇಲಿರ್ತಿತ್ತು. ದೇವರು ದೊಡ್ಡೋನು!”

ತಿಮ್ಮಯ್ಯ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಎಸೆದ. “ಬಾಯಿ ಮುಚ್ಲಾ. ಮುಳುಗೋದಾದ್ರೆ ಎಲ್ಲರ ಜೊತೆ ಮುಳುಗ್ತಿತ್ತು, ಎಲ್ಲರೂ ಒಟ್ಟಿಗೆ ಕೂತು ಅಳ್ತಿದ್ರು. ಇವತ್ತು ಆ ಮನುಷ್ಯನಿಗೆ ಅಳಾಕೂ ಜಾಗ ಇಲ್ಲ. ನಗಾಕಂತೂ ಮೊದ್ಲೇ ಇಲ್ಲ.”

ಕಾಡಸಿದ್ದಪ್ಪ ಪೆಚ್ಚಾಗಿ ತಲೆ ಕೆರೆದುಕೊಂಡ.

ಮರುದಿನ ತಿಮ್ಮಯ್ಯ ಅಂಚೆ ಕಚೇರಿಗೆ ಹೋಗಿ ಬೆಂಗಳೂರಿನ ಆ ಕಚೇರಿಗೆ ಟ್ರಂಕ್ ಕಾಲ್ ಹಾಕಿಸಿದ. ಏನು ಹೇಳಬೇಕೆಂದು ಬೆಂಚಿನ ಮೇಲೆ ಕೂತು ಯೋಚಿಸಿದ. ಒಳ್ಳೆಯದಾಯ್ತು ಎನ್ನುವಂತಿರಲಿಲ್ಲ. ಅಯ್ಯೋ ಪಾಪ ಎಂದರೆ ಯಾರಿಗೆ ಎಂದು ಇಂಜಿನಿಯರು ಕೇಳಬಹುದಿತ್ತು. ಸಂಜೆಯ ಹೊತ್ತಿಗೆ ಲೈನು ಸಿಕ್ಕಿತು. ಆ ಕಡೆ ಎತ್ತಿದವನು ಯಾರೋ ಹುಡುಗ.

“ಮಲ್ಲಿಕಾರ್ಜುನಯ್ಯನವರಾ? ಅವರು ಕೆಲಸ ಬಿಟ್ಟು ಆರು ತಿಂಗಳಾಯ್ತಲ್ಲ.”

“ಎಲ್ಲಿಗೋದ್ರು?”

“ಗೊತ್ತಿಲ್ಲ. ನೀವು ಯಾರು, ಅವರ ಸಂಬಂಧಿಕರಾ?”

ತಿಮ್ಮಯ್ಯ ರಿಸೀವರನ್ನು ಇನ್ನೂ ಗಟ್ಟಿಯಾಗಿ ಕಿವಿಗೊತ್ತಿದ. ಅಂಚೆಯವನು ಇವನ ಬಾಯನ್ನೇ ನೋಡುತ್ತಿದ್ದ.

“ಹಲೋ? ಏನಾದ್ರೂ ಹೇಳಬೇಕಿತ್ತಾ ಸಾರ್?”

“ಅವರದೊಂದು ವಸ್ತು ನನ್ನ ಮನೇಲಿತ್ತು,” ಎಂದ ತಿಮ್ಮಯ್ಯ. ಆ ಕಡೆಯ ಹುಡುಗ ಏನೋ ಕೇಳಿದ. ಗರಗರ ಸದ್ದಿನಲ್ಲಿ ಮಾತು ಮುಳುಗಿತು. ಲೈನು ಕಡಿದ ಮೇಲೂ ತಿಮ್ಮಯ್ಯ ಅದನ್ನು ಕಿವಿಗೆ ಹಿಡಿದು ನಿಂತೇ ಇದ್ದ. ಕಡೆಗೆ ಅಂಚೆಯವನೇ ಬಂದು ಅವನ ಬೆರಳುಗಳನ್ನು ಬಿಡಿಸಿದ.