ಡೀಸೆಲ್ ಉಳಿಸಿದ ಕೈ

ರಿಪೇರಿ ಅಂಗಡಿಯವಳ ಬಾಯಿ ಸ್ವಲ್ಪ ಜೋರು, ಕೆಲಸ ಅದಕ್ಕಿಂತ ಜೋರು. "ನನ್ನ ಕೈ ದಾಟಿದ ಮಷಿನ್ನು ಅದೇ ಕಾಯಿಲೆ ಇಟ್ಕೊಂಡು ವಾಪಸ್ ಬಂದದ್ದಿಲ್ಲ" ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದಳು. ಜಂಬವೂ ಹೌದು, ನಿಜವೂ ಹೌದು. ಅಂಥವಳನ್ನು ಸೋದರಮಾವನ ಲ್ಯಾಪ್‌ಟಾಪು ಒಂದೇ ವಾರದಲ್ಲಿ ಮೂರು ಸಲ ಓಡಾಡಿಸಿತ್ತು. ನಾಲ್ಕನೆಯ ಸಲ ಫೋನ್ ಬಂದಾಗ ಅವಳು ಯಾರದೋ ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು.

"ಮಗಳೇ, ಮತ್ತೆ ಕುಂಟ್ತಾ ಇದೆ ಕಣೇ," ಎಂದ ಮಾವ.

"ನಿನ್ನೆ ನಾನು ಹೊರಡೋವಾಗ ನೀರು ಹರಿದ ಹಾಗೆ ಓಡ್ತಿತ್ತಲ್ಲ ಮಾವ!"

"ನೀನಿದ್ದಾಗ ಓಡತ್ತೆ, ನೀನು ಹೋದ್ಮೇಲೆ ಕುಂಟತ್ತೆ. ನಾನೇನು ಮಾಡ್ಲಿ ಹೇಳು?" ಮಾವನ ದನಿ ಸ್ವಲ್ಪ ತಗ್ಗಿತು. "ಬೆಳಗ್ಗೆ ಟಿಂಗಣ್ಣನ ಹೆಂಡ್ತಿ ಫೋನ್ ಮಾಡಿದ್ಲು. ಇವತ್ತು ಸರಿ ಹೋಗ್ಲಿಲ್ಲ ಅಂದ್ರೆ ಇನ್ನು ಬೇಡ್ವಂತೆ."

ಅವಳು ಪ್ರಿಂಟರನ್ನು ಬಿಚ್ಚಿದ ಹಾಗೆಯೇ ಬಿಟ್ಟು ಎದ್ದಳು.

ಈ ಮಾವ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರು. ಮನೆಯಲ್ಲಿ ಕೂತರೂ ಕಾಲು ಕ್ಲಚ್ ಹುಡುಕುತ್ತದೆ ಎಂದು ಅವನ ಸ್ವಂತ ಮಗಳು ಒಂದು ಗಟ್ಟಿ ಲ್ಯಾಪ್‌ಟಾಪು, ಮೇಜಿಗೆ ಸ್ಕ್ರೂ ಹಾಕಿ ಕೂರಿಸುವ ಸ್ಟೀರಿಂಗು, ಬಸ್ಸು ಓಡಿಸುವ ಒಂದು ಆಟ ಕೊಡಿಸಿದ್ದಳು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಮಾವನ ಟ್ರಿಪ್ಪು ಹೊರಡುತ್ತಿತ್ತು, ಅದೂ ಇಂಟರ್ನೆಟ್ಟಿನಲ್ಲಿ ಲೈವ್ ಆಗಿ. ನೋಡುವವರು ಲಕ್ಷಗಟ್ಟಲೆ ಅಂದುಕೊಳ್ಳಬೇಡಿ. ಹಳೇ ಡಿಪೋದ ಇಪ್ಪತ್ತು ಇಪ್ಪತ್ತೈದು ಜನ, ಅದರಲ್ಲೂ ಅರ್ಧ ಜನ ತಪ್ಪು ಹಿಡಿಯುವುದಕ್ಕೇ ಬರುವವರು. ಮಾವನಿಗೆ ಬೇಕಾದವನು ಒಬ್ಬನೇ, ಟಿಂಗಣ್ಣ.

ಟಿಂಗಣ್ಣ ಅಂದರೆ ಇಪ್ಪತ್ತೆರಡು ವರ್ಷ ಮಾವನ ಬಸ್ಸಿನಲ್ಲಿ ಬೆಲ್ ಹೊಡೆದ ಕಂಡಕ್ಟರು. ಐದು ತಿಂಗಳ ಹಿಂದೆ ಲಕ್ವ ಹೊಡೆದು ಮಾತು ಹೋಯಿತು, ಬಲಭಾಗ ಹೋಯಿತು. ಉಳಿದದ್ದು ಎಡಗೈ, ಅದರಲ್ಲೂ ಹೇಳಿದ ಹಾಗೆ ಕೇಳುವುದು ಒಂದು ಬೆರಳು. ಅವನು ತನ್ನ ಊರಿನಲ್ಲಿ ಮಲಗಿದಲ್ಲೇ ಫೋನ್ ಮುಟ್ಟಿದರೆ ಇಲ್ಲಿ ಮಾವನ ಕೋಣೆಯಲ್ಲಿ ಟಿಂಗ್ ಎನ್ನುವ ಹಾಗೆ ರಿಪೇರಿಯವಳೇ ಹೊಂದಿಸಿ ಕೊಟ್ಟಿದ್ದಳು. ಒಂದು ಟಿಂಗ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಎರಡು ಟಿಂಗ್ ಆಗುವ ತನಕ ಮಾವ ಬಸ್ಸು ಅಲ್ಲಾಡಿಸುತ್ತಿರಲಿಲ್ಲ. ಇಡೀ ದಿನ ಕೊರಡಿನ ಹಾಗೆ ಬಿದ್ದಿರುವ ಮನುಷ್ಯ ನಾಲ್ಕಾಗುತ್ತಲೇ ಫೋನಿನ ಕಡೆ ಕಣ್ಣು ಹಾಯಿಸುತ್ತಾನೆ ಎಂದು ಅವನ ಹೆಂಡತಿ ಅತ್ತುಕೊಂಡು ಹೇಳಿದ್ದಳು.

ಹತ್ತು ದಿನದಿಂದ ಲೈವಿನ ಚಿತ್ರ ಮುಗ್ಗರಿಸತೊಡಗಿತ್ತು. ಸೆಕೆಂಡಿಗೆ ಅರವತ್ತು ಫ್ರೇಮು, ಅಂದರೆ ಅರವತ್ತು ಚಿತ್ರ, ಹೋದರೆ ಓಟ ಕಣ್ಣಿಗೆ ಸಲೀಸು. ಇಪ್ಪತ್ತೆರಡಕ್ಕೆ ಇಳಿದು, ಅದರಲ್ಲೂ ಕೆಲವು ಬಿಟ್ಟುಹೋದರೆ ಬಸ್ಸು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಈಗ ಇಲ್ಲಿದ್ದ ಸ್ಟಾಪು ಮುಂದಿನ ಗಳಿಗೆಯಲ್ಲಿ ಹಿಂದಿರುತ್ತದೆ. ಟಿಂಗಣ್ಣ ಬೆಲ್ ಹೊಡೆಯುವಷ್ಟರಲ್ಲಿ ಸ್ಟಾಪು ದಾಟಿಹೋಗಿರುತ್ತಿತ್ತು. ಅವನು ಅದನ್ನು ಮಷಿನ್ನಿನ ತಪ್ಪು ಅಂದುಕೊಳ್ಳಲಿಲ್ಲ, ಅಲ್ಲೇ ಬಂದದ್ದು ಕಷ್ಟ. ನಿನ್ನೆ ಹೆಂಡತಿ ಫೋನ್ ಹಿಡಿದರೆ ಮುಖ ಗೋಡೆಗೆ ತಿರುಗಿಸಿದ. ಬೆರಳಿನಿಂದ ತನ್ನ ತಲೆ ತೋರಿಸಿ, ಕೆಟ್ಟಿತು ಎಂಬಂತೆ ಕೈಯಾಡಿಸಿದ.

"ಎಷ್ಟು ಹೇಳಿದ್ರೂ ನಂಬಲ್ಲಣ್ಣ," ಎಂದಿದ್ದಳಂತೆ ಹೆಂಡತಿ ಬೆಳಗಿನ ಫೋನಿನಲ್ಲಿ. "ಇವತ್ತೊಂದು ದಿನ ಹಿಡೀತೀನಿ. ಆಮೇಲೆ ಬಲವಂತ ಮಾಡಲ್ಲ. ಅವರನ್ನ ಹಾಗೆ ನೋಡಕ್ಕಾಗಲ್ಲ ನನ್ನ ಕೈಲಿ."

ರಿಪೇರಿಯವಳು ಮಾವನ ಮನೆಗೆ ಬಂದಾಗ ಎರಡೂವರೆ. ಬೀದಿಗೆ ತೆರೆದ ಚಿಕ್ಕ ಕೋಣೆ, ಒಂದು ಮೇಜು, ಒಂದು ಕುರ್ಚಿ, ಗೋಡೆಯ ಮೇಲೆ ಸಾಲಾಗಿ ಮೂರು ಗಡಿಯಾರ. ಮೂರೂ ಒಂದೇ ಸಮಯ ತೋರಿಸುತ್ತಿದ್ದವು. ಮಾವನಿಗೆ ಟೈಮಿನ ಹುಚ್ಚು ಎಂದುಕೊಂಡು ಅವಳು ಚಿಕ್ಕಂದಿನಿಂದ ಆ ಬಗ್ಗೆ ಕೇಳಿರಲೇ ಇಲ್ಲ.

ಅವಳ ಕೆಲಸದ ಕ್ರಮ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ನೋಡುವುದು, ಜೇಬಿನ ಪುಸ್ತಕದಲ್ಲಿ ಬರೆಯುವುದು. ಮೊದಲ ದಿನ ವೈಫೈ ಬಿಡಿಸಿ ಕೇಬಲ್ ಹಾಕಿದ್ದಳು. ಎರಡನೆಯ ದಿನ ಫ್ಯಾನಿನ ಧೂಳು ತೆಗೆದು, ಲೈವ್ ಕಳಿಸುವ ಭಾರವನ್ನು ಪ್ರೊಸೆಸರಿನಿಂದ ಗ್ರಾಫಿಕ್ಸ್ ಕಾರ್ಡಿನ ಹೆಗಲಿಗೆ ಹಾಕಿದ್ದಳು. ಮೂರನೆಯ ದಿನ ಆಟ ಇರುವ ಶಕ್ತಿಯನ್ನೆಲ್ಲ ತಾನೇ ನುಂಗದಿರಲಿ ಎಂದು ಅರವತ್ತು ಫ್ರೇಮಿಗೆ ಕಡಿವಾಣ ಹಾಕಿದ್ದಳು. ಪವರ್ ಸೆಟ್ಟಿಂಗನ್ನೂ ಪ್ರತಿ ಸಲ ನೋಡಿದ್ದಳು. 'ಪೂರ್ಣ ಶಕ್ತಿ' ಎಂದೇ ಇತ್ತು. ಇತ್ತ ನೋಡುಗರ ಸಲಹೆಗಳೋ, ಕೇಳುವುದೇ ಬೇಡ. ಒಬ್ಬ ಹೊಸ ಕಾರ್ಡು ಕೊಳ್ಳಿ ಅಂದ, ಒಬ್ಬ ಎಲ್ಲಾ ಅಳಿಸಿ ಮತ್ತೆ ಹಾಕಿ ಅಂದ. ಡಿಪೋದ ಹಳೇ ಮೆಕ್ಯಾನಿಕ್ಕು ಫ್ಯಾನಿಗೆ ಗ್ರೀಸ್ ಬಿಡಿ ಅಂದ. ಅತ್ತೆ ಆ ಗ್ರೀಸಿನ ಡಬ್ಬ ಮುಚ್ಚಿಟ್ಟದ್ದರಿಂದ ಲ್ಯಾಪ್‌ಟಾಪು ಉಳಿಯಿತು.

ಅವಳು ಕೂತು ಆಟ ಶುರು ಮಾಡಿ ಲೈವ್ ಒತ್ತಿದಳು. ಅರವತ್ತು. ಹತ್ತು ನಿಮಿಷ ಓಡಿಸಿದಳು, ಅರವತ್ತೇ.

"ಏನೂ ಆಗಿಲ್ವಲ್ಲ ಮಾವ. ನೀನೇನಾದ್ರೂ ಮುಟ್ಟಿದ್ಯಾ?"

"ನಿನ್ನಾಣೆ, ಏನೂ ಮುಟ್ಟಿಲ್ಲ."

"ಸರಿ, ನೀನು ಕೂತ್ಕೊ," ಎಂದು ಅವಳು ಒಳಗೆ ಹೋದಳು. ಅತ್ತೆ ಕೊಟ್ಟ ಕಾಫಿ ಎರಡು ಗುಟುಕು ಕುಡಿದಿರಲಿಲ್ಲ, ಹೊರಗೆ ಆಟದ ಎಂಜಿನ್ನಿನ ಸದ್ದು ತುಂಡು ತುಂಡಾಗಿ ಕೇಳಿಸಿತು. ಲೋಟ ಹಿಡಿದೇ ಓಡಿ ಬಂದಳು. ಇಪ್ಪತ್ತೆರಡು! ಲೈವ್ ಪ್ರೋಗ್ರಾಮಿನ ಲೆಕ್ಕ ತೆಗೆದು ನೋಡಿದಳು. ದಾರಿಯಲ್ಲಿ ಬಿದ್ದುಹೋದ ಚಿತ್ರ ಸೊನ್ನೆ, ಅಂದರೆ ನೆಟ್ಟಿನ ತಪ್ಪಲ್ಲ. ಮಷಿನ್ನು ಕೈಲಾಗದೆ ಬಿಟ್ಟ ಚಿತ್ರಗಳ ಸಂಖ್ಯೆ ಮಾತ್ರ ಏರುತ್ತಲೇ ಇತ್ತು.

"ಏಳು ಮಾವ, ಏಳು," ಎಂದು ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು ತಾನು ಕೂತಳು. ತಲೆ ಎತ್ತಿ ನೋಡಿದರೆ ಅರವತ್ತು.

"ಅವರ ಕೈಗುಣವೇ ಅಂಥದ್ದು ಬಿಡು," ಎಂದಳು ಬಾಗಿಲಲ್ಲಿ ನಿಂತ ಅತ್ತೆ. "ಕುಕ್ಕರ್ ಮುಟ್ಟಿದ್ರೆ ಅದೂ ಕೂಗಲ್ಲ."

ಮಾವ ನಗಲಿಲ್ಲ. ಮೂರು ಗಡಿಯಾರದಲ್ಲೂ ಮೂರೂವರೆ ಆಗಿತ್ತು. ಅಷ್ಟರಲ್ಲಿ ರಿಪೇರಿಯವಳ ತಲೆ ಸರಿಯಾದ ಜಾಗಕ್ಕೆ ಬಂದಿತ್ತು. ತನ್ನ ಕೈಯಲ್ಲಿ ಅರವತ್ತು, ಮಾವನ ಕೈಯಲ್ಲಿ ಇಪ್ಪತ್ತೆರಡು. ಹಾಗಿದ್ದರೆ ಒಂದು ವಾರದಿಂದ ನಾನು ನೋಡಬೇಕಾದ್ದನ್ನು ಬಿಟ್ಟು ಬೇರೇನನ್ನೋ ನೋಡುತ್ತಿದ್ದೇನೆ! ಅವಳು ಪುಸ್ತಕ ಮುಚ್ಚಿ ಜೇಬಿಗೆ ಹಾಕಿದಳು.

"ಮಾವ, ಈಗ ನಾನು ಲ್ಯಾಪ್‌ಟಾಪ್ ನೋಡಲ್ಲ, ನಿನ್ನನ್ನ ನೋಡ್ತೀನಿ. ದಿನಾ ಡ್ಯೂಟಿಗೆ ಹೇಗೆ ಹತ್ತುತ್ತೀಯೋ ಹಾಗೇ ಹತ್ತು."

"ಏನು ಮದುವೆ ಗಂಡು ನೋಡೋ ಹಾಗೆ ನೋಡ್ತೀಯೇ," ಎನ್ನುತ್ತ ಮಾವ ಕೂತ. ಅವಳು ಬೆನ್ನ ಹಿಂದೆ ನಿಂತಳು. ಅವನು ಕುರ್ಚಿ ಒಂದು ಗೇಣು ಮುಂದಕ್ಕೆ ಎಳೆದುಕೊಂಡ. ಆಟದ ಕನ್ನಡಿಗಳನ್ನು ತನ್ನ ಕಣ್ಣಿಗೆ ಹೊಂದಿಸಿದ. ಸ್ಟೀರಿಂಗಿನ ಮೇಲೆ ಒಂದು ಸಲ ಬಟ್ಟೆಯಾಡಿಸಿದ. ಆಮೇಲೆ, ಬೇರೇನನ್ನೋ ಯೋಚಿಸುತ್ತಿರುವವನ ಹಾಗೆ, ಪರದೆಯ ಮೂಲೆಯ ಹಸಿರು ಎಲೆಯ ಗುರುತು ಒತ್ತಿ ಅಲ್ಲಿ ಬಂದ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಎಳೆದ. 'ಪೂರ್ಣ ಶಕ್ತಿ' ಹೋಗಿ 'ಉಳಿತಾಯ' ಬಂತು.

"ಹಿಡಿದೆ!" ಎಂದು ಅವಳು ಕೂಗಿದ ರಭಸಕ್ಕೆ ಅತ್ತೆಯ ಕೈಯ ತಟ್ಟೆ ಬಿತ್ತು. "ಏನೂ ಮುಟ್ಟಿಲ್ಲ ಅಂದ್ಯಲ್ಲ ಮಾವ! ಇದೇನಿದು?"

"ಇದಾ? ಇದು ಮುಟ್ಟೋದಲ್ವೇ, ಇದು ಡ್ರೈವಿಂಗು," ಎಂದ ಮಾವ ನಿಜವಾಗಿಯೂ ಆಶ್ಚರ್ಯದಿಂದ. "ಹತ್ತು ದಿನದ ಹಿಂದೆ ಅದೇನೋ ಅಪ್‌ಡೇಟ್ ಆಗಿ ಮೂಲೇಲಿ ಎಲೆ ಬಂತು, ಉಳಿತಾಯ ಅಂತ ಬರೆದಿತ್ತು. ಉಳಿಸಬಹುದು ಅಂತ ಗೊತ್ತಿದ್ದೂ ಉಳಿಸದೆ ಇರಕ್ಕಾಗತ್ತಾ?"

"ಮತ್ತೆ ನಾನು ನೋಡ್ದಾಗೆಲ್ಲ ಪೂರ್ಣ ಶಕ್ತಿ ಅಂತಿತ್ತಲ್ಲ!"

"ನಿನಗೆ ಸೀಟು ಬಿಡೋವಾಗ ವಾಪಸ್ ಇಡ್ತೀನಲ್ಲ. ಇನ್ನೊಬ್ಬರಿಗೆ ಗಾಡಿ ಒಪ್ಪಿಸೋವಾಗ ಇದ್ದ ಹಾಗೇ ಒಪ್ಪಿಸ್ಬೇಕು ಕಣೇ. ಡಿಪೋ ರೂಲು."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆ ತಟ್ಟೆ ಎತ್ತಿಕೊಳ್ಳುತ್ತ ಗೋಡೆಯ ಕಡೆ ಗಲ್ಲ ತೋರಿಸಿದಳು. "ಆ ಮೂರು ಗಡಿಯಾರ ಡಿಪೋದವರು ಯಾಕೆ ಕೊಟ್ರು ಅಂದ್ಕೊಂಡೆ? ಡೀಸೆಲ್ ಉಳಿಸಿದ್ದಕ್ಕೆ. ಮೂರು ವರ್ಷ ಇವರೇ ಫಸ್ಟು. ಟಿಂಗಣ್ಣಂಗೂ ಇವರಿಗೂ ದಿನಾ ಅದೇ ಜಗಳ. ಓಡಿ ಬರೋರಿಗೆಲ್ಲ ಆತ ಬೆಲ್ ಹೊಡೆಯೋನು, ನಿಲ್ಲಿಸಿದ್ರೆ ಡೀಸೆಲ್ ದಂಡ ಅಂತ ಇವರು ಬೈಯೋರು."

ಮಾವ ಪರದೆಯ ಗುಂಡಿಯನ್ನೇ ನೋಡುತ್ತ ಕೂತ. "ಅಂದ್ರೆ ಅವನು ಗೋಡೆಗೆ ತಿರುಗಿದ್ದು ನನ್ನಿಂದ," ಎಂದ.

"ಎಲೆಯಿಂದ ಮಾವ," ಎಂದಳು ಅವಳು. "ಅದನ್ನ ಈಗಲೇ ಕಿತ್ತು ಹಾಕ್ತೀನಿ, ಕಣ್ಣಿಗೇ ಬೀಳದ ಹಾಗೆ ಮಾಡ್ತೀನಿ."

"ಬೇಡ. ಇರ್ಲಿ ಅದು. ನಾನೇ ಬಿಡ್ತೀನಿ." ಮಾವ ತನ್ನ ಕೈಯಿಂದಲೇ ಗುಂಡಿಯನ್ನು ಪೂರ್ಣ ಶಕ್ತಿಗೆ ಎಳೆದ. ಫ್ಯಾನು ಗುರ್ ಎಂದು ಎದ್ದಿತು. ಅರವತ್ತು.

ನಾಲ್ಕಕ್ಕೆ ಲೈವ್ ಶುರುವಾಯಿತು. ಬಸ್ಸು ನಿಲ್ದಾಣದಲ್ಲಿ ನಿಂತೇ ಇತ್ತು. ಹಳೇ ಡಿಪೋದವರು 'ಹೊರಡಪ್ಪಾ', 'ನಿದ್ದೆ ಬಂತಾ' ಎಂದು ಬರೆದರು. ಮಾವ ಅಲ್ಲಾಡಲಿಲ್ಲ. ನಾಲ್ಕು ಹೊಡೆದು ಐದು ನಿಮಿಷವಾಯಿತು. ಎಂಟಾಯಿತು. ರಿಪೇರಿಯವಳು ಉಸಿರು ಬಿಗಿಹಿಡಿದು ನಿಂತಳು. ಮಷಿನ್ನು ಸರಿ ಮಾಡಿದ್ದಾಯಿತು, ಗೋಡೆಗೆ ತಿರುಗಿದ ಮುಖವನ್ನು ತಿರುಗಿಸುವ ಸ್ಕ್ರೂಡ್ರೈವರು ಅವಳ ಚೀಲದಲ್ಲಿರಲಿಲ್ಲ.

ಟಿಂಗ್. ತುಂಬ ಹೊತ್ತಿನ ಮೇಲೆ, ಇನ್ನೊಂದು ಟಿಂಗ್.

ಮಾವ ಗೇರು ಹಾಕಿದ. ಬಸ್ಸು ಪೇಟೆ ದಾಟಿತು, ಸೇತುವೆ ದಾಟಿತು. ಮೊದಲ ಸ್ಟಾಪಿಗೆ ಸರಿಯಾಗಿ ಒಂದು ಟಿಂಗ್, ಜನ ಹತ್ತಿದ ಮೇಲೆ ಎರಡು. ಎರಡನೆಯ ಸ್ಟಾಪಿಗೂ ಹಾಗೆಯೇ. ಆಮೇಲೆ ಉದ್ದನೆಯ ಇಳಿಜಾರು ಬಂತು. ಮಾವನ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು ಪರದೆಯ ಮೂಲೆಯ ಕಡೆ ಹೊರಟಿತು. ರಿಪೇರಿಯವಳು ತುಟಿ ಕಚ್ಚಿಕೊಂಡಳು. ಕೈ ಅರ್ಧ ದಾರಿಯಲ್ಲಿ ನಿಂತು, ವಾಪಸ್ ಬಂದು ಸ್ಟೀರಿಂಗ್ ಹಿಡಿಯಿತು.

ಇಳಿಜಾರಿನ ನಡುವೆ, ಎಲ್ಲೂ ಸ್ಟಾಪಿಲ್ಲದ ಕಡೆ, ಟಿಂಗ್ ಎಂದಿತು.

"ಇಲ್ಲೆಲ್ಲಿದೆಯೋ ಸ್ಟಾಪು?" ಎಂದು ಮಾವ ಗದರಿದ. ಅವಳು ಬಗ್ಗಿ ನೋಡಿದಳು. ರಸ್ತೆಯ ಅಂಚಿನಲ್ಲಿ, ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಚೀಲ ಹಿಡಿದ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಆಟದವರು ಅಲಂಕಾರಕ್ಕೆಂದು ಬಿಟ್ಟ ಗೊಂಬೆ, ಬಸ್ಸು ಹತ್ತುವವಳಲ್ಲ. ಅಷ್ಟು ದೂರದ ಊರಿನಲ್ಲಿ, ಫೋನಿನ ಅಂಗೈಯಗಲದ ಪರದೆಯಲ್ಲಿ, ಟಿಂಗಣ್ಣ ಅವಳನ್ನು ಕಂಡಿದ್ದ.

"ಇವನ ಹಳೇ ಚಾಳಿ ಹೋಗಲ್ಲ! ಇಳಿಜಾರಲ್ಲಿ ನಿಲ್ಲಿಸಿದ್ರೆ ಎಷ್ಟು ದಂಡ ಗೊತ್ತಾ?" ಎಂದು ಬಾಯ್ತುಂಬ ಬೈಯುತ್ತ ಮಾವ ಬ್ರೇಕ್ ಒತ್ತಿದ. ಬಸ್ಸು ನಿಂತಿತು. ಅಂಕ ಕಡಿತ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು. ಮಾವ ಬಾಗಿಲು ತೆರೆದು ಕಾದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ರಿಪೇರಿಯವಳು ಎತ್ತಿದಳು. "ನಗ್ತಾ ಇದಾರೆ," ಎಂದಿತು ಆ ಕಡೆಯ ದನಿ. "ಅಣ್ಣಂಗೆ ಹೇಳಮ್ಮ, ನಗ್ತಾ ಇದಾರೆ."

ಗೊಂಬೆ ಹೆಂಗಸು ಬಸ್ಸಿನ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ನಡೆದುಹೋದಳು.

ಟಿಂಗ್ ಟಿಂಗ್.

"ಹತ್ತಿದ್ರಂತಾ?" ಎಂದು ಕೇಳಿದಳು ಅತ್ತೆ ಬಾಗಿಲಿಂದ.

"ಅವನು ರೈಟ್ ಅಂದ ಮೇಲೆ ಹತ್ತಿದ್ರು ಅಂತಾನೇ," ಎಂದು ಮಾವ ಬಾಗಿಲು ಮುಚ್ಚಿ ಗೇರು ಹಾಕಿದ.