ಡ್ರಮ್ಮಣ್ಣನ ಮುಂದಿನ ಹಲ್ಲು

ಊದುವುದು ಟ್ರಂಪೆಟ್ಟಾದರೂ ಬ್ಯಾಂಡಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಡ್ರಮ್ಮಣ್ಣ ಎಂದು. ಹೊಟ್ಟೆ ಹಾಗಿತ್ತು, ಏನು ಮಾಡುವುದು! ಅವನೂ ನಗುತ್ತಿದ್ದ. ಈಚೆಗೆ ಮಾತ್ರ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮೇಲಿನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಟ್ರಂಪೆಟ್ ಊದುವವನಿಗೆ ಆ ಹಲ್ಲು ಹೋದರೆ ಬಾಳೇ ಹೋದಂತೆ. ಬೇಸಿಗೆಯ ಕೊನೆಗೆ ಪಾರ್ಕಿನಲ್ಲಿ ದೊಡ್ಡ ಕಾರ್ಯಕ್ರಮ ಬೇರೆ. ನಡುವೆ ಒಂಟಿಯಾಗಿ ಊದಬೇಕಾದವನು ಇವನೇ.

ಹಿಂದೊಬ್ಬ ದಂತವೈದ್ಯ ಬಾಯಿ ತೆಗೆಸುವ ಮೊದಲೇ, "ಮೈ ಇಳಿಸ್ಕೊಂಡು ಬಾ, ಆಮೇಲೆ ನೋಡೋಣ" ಎಂದು ಅಟ್ಟಿದ್ದ, ಪುಣ್ಯಾತ್ಮ! ಡ್ರಮ್ಮಣ್ಣ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೂತ. ಮೈ ಇಳಿಯಲಿಲ್ಲ, ಹಲ್ಲು ಇನ್ನಷ್ಟು ಸಡಿಲವಾಯಿತು. ಬ್ರಷ್ ತಾಗಿದರೆ ರಕ್ತ ಬರುತ್ತದೆಂದು ಆ ಹಲ್ಲನ್ನು ಉಜ್ಜುವುದನ್ನೇ ಬಿಟ್ಟ. ಅದನ್ನು ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದ, ಪಾಪ.

ಕೊನೆಗೆ ಹೆಂಡತಿ ರಟ್ಟೆ ಹಿಡಿದು ಇನ್ನೊಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಹಿಡಿಯಷ್ಟು ಇದ್ದಳು. ಡ್ರಮ್ಮಣ್ಣ ಕುರ್ಚಿಯನ್ನೇ ನೋಡುತ್ತ ನಿಂತ.

"ಮುರಿದು ಬಿದ್ರೆ?"

"ನೋಡೇ ಬಿಡೋಣ ಬನ್ನಿ" ಎಂದವಳೇ ಅವನನ್ನು ಕೂರಿಸಿ, ತಾನೂ ಅವನ ಕಾಲ ಬಳಿ ತುದಿಯಲ್ಲಿ ಕೂತು ಗುಂಡಿ ಒತ್ತಿದಳು. ಕುರ್ಚಿ ಇಬ್ಬರನ್ನೂ ಹೊತ್ತು ಮೇಲೇರಿತು. ಹೆಂಡತಿ ಬಿದ್ದು ಬಿದ್ದು ನಕ್ಕಳು. ಎಂಥ ಹೆಂಗಸಪ್ಪಾ ಇವಳು ಎಂದುಕೊಂಡು ಡ್ರಮ್ಮಣ್ಣ ಬಾಯಿ ತೆರೆದ.

ಆಕೆ ಒಸಡಿನ ಅಂಚಿನಿಂದ ಚೂರು ಕೆರೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಪರದೆಯ ಮೇಲೆ ತೋರಿಸಿದಳು. ಕಡ್ಡಿಯಂಥವು, ಸುರುಳಿಯಂಥವು ಗಿಜಿಗಿಜಿ ಓಡಾಡುತ್ತಿದ್ದವು.

"ಅಯ್ಯಯ್ಯೋ! ಇವೆಲ್ಲ ನನ್ನ ಬಾಯಲ್ಲಿದಾವಾ?"

"ಬ್ಯಾಕ್ಟೀರಿಯಾ ಎಲ್ಲರ ಬಾಯಲ್ಲೂ ಇರ್ತವೆ, ನನ್ನ ಬಾಯಲ್ಲೂ. ಮೈಯಲ್ಲಿ ಕೊಬ್ಬು ಜಾಸ್ತಿಯಾದ್ರೆ ಒಸಡು ಬೇಗ ಊದ್ಕೊಳ್ಳುತ್ತೆ, ಆ ಸಂದಿಯಲ್ಲಿ ಕೆಟ್ಟವು ಸೇರ್ಕೊಳ್ತವೆ. ನೀವು ಉಜ್ಜೋದು ಬಿಟ್ಟು ಅವಕ್ಕೆ ಮನೆ ಕಟ್ಟಿಕೊಟ್ಟಿದ್ದೀರಿ."

"ಹಾಗಾದ್ರೆ ನನ್ನ ದಪ್ಪ ಮಾಡಿದ್ದೂ ಇವೇನಾ?" ಡ್ರಮ್ಮಣ್ಣ ಆಸೆಯಿಂದ ಕೇಳಿದ.

ಆಕೆ ನಗಲಿಲ್ಲ. "ಇರಬಹುದಾ ಅಂತ ಹುಡುಕ್ತಿದಾರೆ. ಖಚಿತವಾಗಿ ಇನ್ನೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಿಮ್ಮನ್ನ ಬೈಯೋಕೆ ನಾನ್ಯಾರು? ಒಸಡು ಸರಿಮಾಡೋಣ. ಹಲ್ಲು ಉಳಿದೇ ಉಳಿಯುತ್ತೆ ಅಂತ ಮಾತು ಕೊಡಲ್ಲ, ಆದ್ರೆ ಕೀಳೋಕೆ ಆತುರಪಡಲ್ಲ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅವನ ಕಣ್ಣು ತುಂಬಿ ಬಂತು.

ಆಮೇಲೆ ತಪ್ಪದೆ ಹೋದ. ಆಕೆ ಹಲ್ಲಿನ ಬೇರಿನವರೆಗೆ ಕೆರೆದು ತೊಳೆದಳು. ಮೆತ್ತನೆಯ ಬ್ರಷ್ ಹಿಡಿಯುವುದನ್ನು ಮಗುವಿಗೆ ಕಲಿಸಿದ ಹಾಗೆ ಕಲಿಸಿದಳು. ಏನು ತಾಳ್ಮೆ, ಏನು ಕೈಗುಣ! ರಕ್ತ ನಿಂತಿತು, ಒಸಡು ಬಿಗಿಯಿತು. ಹೊಟ್ಟೆ ಮಾತ್ರ ಜಪ್ಪಯ್ಯ ಅಂದರೂ ಕರಗಲಿಲ್ಲ. "ಮೇಲಿನ ಸ್ವರ ಈಗಲೇ ಬೇಡ, ಕಾರ್ಯಕ್ರಮದ ದಿನ ಊದಿ" ಎಂದಿದ್ದಳು. ಹಾಗಾಗಿ ಹಲ್ಲು ಆ ಒತ್ತಡ ತಡೆಯುತ್ತದೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ.

ಪಾರ್ಕು ಕಿಕ್ಕಿರಿದಿತ್ತು. ಬ್ಯಾಂಡಿನ ಸದ್ದು ನಿಂತಿತು, ಡ್ರಮ್ಮಣ್ಣ ಎದ್ದ. ಕಣ್ಣು ಮುಚ್ಚಿ, ಟ್ರಂಪೆಟ್ಟನ್ನು ತುಟಿಗೊತ್ತಿ ಊದಿದ. ಸ್ವರ ಏರಿತು, ಇನ್ನೂ ಏರಿತು, ತುದಿಯಲ್ಲಿ ನಡುಗದೆ ನಿಂತಿತು. ಹಲ್ಲು ಮಿಸುಕಲಿಲ್ಲ.

ಕಣ್ಣು ತೆರೆದರೆ ಮುಂದಿನ ಸಾಲಿನಲ್ಲೇ ಡಾಕ್ಟರಮ್ಮ, ಬಿಟ್ಟ ಬಾಯಿ ಬಿಟ್ಟಂತೆ ಕೂತಿದ್ದಾಳೆ! ಚಪ್ಪಾಳೆ ನಿಲ್ಲುವ ಮೊದಲೇ ಡ್ರಮ್ಮಣ್ಣ ಮೆಟ್ಟಿಲಿಳಿದು ಆಕೆಯ ಮುಂದೆ ನಿಂತ.

"ಡಾಕ್ಟರಮ್ಮಾ, ಆಯ್ತು. ಇನ್ನು ಬಾಯಿ ಮುಚ್ಚಬಹುದು" ಎಂದು, ಕೈ ಅಡ್ಡ ಹಿಡಿಯದೆ, ಅಷ್ಟೂ ಹಲ್ಲು ಕಾಣುವಂತೆ ನಕ್ಕ.