ಎರವಲು ದನಿ

ನಿಟ್ಟುವಳ್ಳಿಯ ಮನೆಯ ಅಡುಗೆಕೋಣೆಯಲ್ಲಿ ಉಚ್ಚೆಂಗೆಮ್ಮ ಒಂದು ವಾರದಿಂದ ಗ್ಯಾಸಿನ ಒಲೆಗೆ ಒಂದೇ ಮಾತು ಒಪ್ಪಿಸುತ್ತಿದ್ದರು. ವಯಸ್ಸು ಎಪ್ಪತ್ತಾರು, ಆದರೂ ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ. ಹರಿಹರದಲ್ಲಿ ಕಪ್ಪು-ಬಿಳುಪು ಸಿನಿಮಾ ಕಾಲದ ನಾಯಕಿ ಕುಮುದಿನಿಗೆ ಸನ್ಮಾನವಿತ್ತು. ಕುಮುದಿನಿ ಅಂದರೆ ಇವರೇ. ಆ ಹೆಸರು ಮದ್ರಾಸಿನ ಸಿನಿಮಾದವರು ಇಟ್ಟಿದ್ದು.

ಹೆಸರು ಹೋದರೆ ಹಾಳಾಗಿ ಹೋಗಲಿ, ದನಿಯನ್ನೂ ಕಿತ್ತುಕೊಂಡರಲ್ಲ ಪುಣ್ಯಾತ್ಮರು! 'ಐತೆ, ಬ್ಯಾಡ' ಅನ್ನುವ ರಾಣಿಯನ್ನು ಯಾರು ನೋಡುತ್ತಾರೆ ಎಂದು ಹನ್ನೊಂದು ಚಿತ್ರಗಳಲ್ಲೂ ಇವರ ಮುಖಕ್ಕೆ ಬೇರೊಬ್ಬಳ ಮಾತು ಅಂಟಿಸಿದರು. ತವರೂರು ಆನೆಕೊಂಡದಿಂದ ಸಿನಿಮಾ ನೋಡಲು ಹೋದ ಅವ್ವ ಅರ್ಧಕ್ಕೇ ಎದ್ದು ಬಂದಿದ್ದಳು. "ಮುಖ ನಿಂದೈತೆ, ಒಳಗ ಯಾರೋ ಮಾತಾಡ್ತಾಳೆ. ನಂಗ ಹೆದ್ರಿಕೆ ಆತು" ಅಂದಿದ್ದಳು. ಆ ಮಾತು ಐವತ್ತು ವರ್ಷದಿಂದ ಮುರಿದ ಮುಳ್ಳಿನಂತೆ ಉಚ್ಚೆಂಗೆಮ್ಮನ ಎದೆಯಲ್ಲಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ ತನ್ನ ಜನ ತನ್ನ ದನಿ ಕೇಳಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ.

ಹರಿಹರದ ವೇದಿಕೆಯ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸನ್ಮಾನ ಏರ್ಪಡಿಸಿದ್ದ ಸಂಘದ ಗಿರೀಶ ಮೈಕು ಕೊಟ್ಟ. "ಅಮ್ಮಾರೇ, ಆ ರಾಣಿ ಪಾರ್ಟಿನ ಕಡೇ ಸೀನಿನ ಡೈಲಾಗು ಹೇಳ್ರಿ."

ಉಚ್ಚೆಂಗೆಮ್ಮ ಎದ್ದು ನಿಂತು, ತಡವರಿಸದೆ ಹೇಳಿದರು. "ನನ್ನ ಮರತ್ರ ಮರೀರಿ ಪ್ರಭು, ನನ್ನ ಮಾತು ಮಾತ್ರ ಮರೀಬ್ಯಾಡ್ರಿ."

ಸಭೆಯಲ್ಲಿ ಹಿಂದೆ ಯಾರೋ ಕಿಸಕ್ಕನೆ ನಕ್ಕರು, ನಗು ಮುಂದಿನ ಸಾಲಿಗೂ ಬಂತು. ನಕ್ಕವರು ಯಾರು? ಬೆಳಗಾದರೆ ಹೆಂಡತಿ ಮಕ್ಕಳ ಹತ್ತಿರ ಹೀಗೇ ಮಾತಾಡುವವರು. ನಾಚಿಕೆ ಅನ್ನುವುದು ಇದ್ದರಲ್ಲವೇ!

"ವಯಸ್ಸಾಗೇತ್ರಿ, ಅಮ್ಮಾರ ಗಂಟ್ಲು ಕೆಟ್ಟೈತೆ" ಎಂದು ಗಿರೀಶ ಮೈಕು ತೆಗೆದುಕೊಂಡ. "ನಮ್ಮ ರಶ್ಮಿತಾ ಸೇಮ್ ಕುಮುದಿನಿ ಥರಾನೇ ಹೇಳ್ತಾಳೆ. ಬಾರವ್ವ."

ಕಾಲೇಜಿನ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು. "ನನ್ನನ್ನು ಮರೆತರೂ ಮರೆಯಿರಿ ಪ್ರಭು, ನನ್ನ ಮಾತನ್ನು ಮರೆಯಬೇಡಿ." ಸಿನಿಮಾದಲ್ಲಿದ್ದ ಅದೇ ಜೇನಿನಂಥ ದನಿ. ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡು, "ಈಗ ಬಂದ್ಲು ನೋಡ್ರಿ ಕುಮುದಿನಿ" ಅಂದರು.

ಅವರ ಕಣ್ಣು ಹುಡುಗಿಯ ಮೇಲಿರಲಿಲ್ಲ, ಉಚ್ಚೆಂಗೆಮ್ಮನ ಮೇಲಿತ್ತು. ಹುಡುಗಿ ಬಾಯಿ ತೆರೆದದ್ದೇ ತಡ, ಹಳೆಯ ರೂಢಿಗೆ ಬಿದ್ದ ಇವರ ಹಾಳು ತುಟಿಗಳು ಒಂದಕ್ಷರ ತಪ್ಪದೆ ಅವಳ ಜೊತೆ ಆಡಿದ್ದವು. ಅದು ಅರಿವಾದಾಗ ಉಚ್ಚೆಂಗೆಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಸಭೆ ಒನ್ಸ್ ಮೋರ್ ಎಂದು ಕೂಗಿತು. ಗಿರೀಶ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ. "ಕೈ ತೆಗೀರಿ ಅಮ್ಮಾರೇ, ಜನಕ್ಕ ಮುಖ ಕಾಣ್ಲಿ."